ಇಲಿಬಾಲದ ಹಸು

ಹರವೆ ಹೋಬಳಿಯ ಆ ಊರಿಗೆ ನಾನು ಸೊಸೆಯಾಗಿ ಹೋದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಹುಟ್ಟಿ ಬೆಳೆದದ್ದು ಗುಂಡ್ಲುಪೇಟೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಹೊಲ, ಕೊಟ್ಟಿಗೆ, ಬೇಲಿ ಇವುಗಳ ಪರಿಚಯ ನನಗೆ ಅಷ್ಟಕ್ಕಷ್ಟೆ. ಯಾವ ಹುಲ್ಲನ್ನು ಕೊಯ್ದು ತರಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅತ್ತೆ ಮತ್ತು ನನ್ನ ಓರಗಿತ್ತಿ ಸೇರಿ ಕಲಿಸಿದರು. ಓರಗಿತ್ತಿಯನ್ನು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯನ್ನು, ನಾನು ಅಕ್ಕ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಆ ಊರಿನಲ್ಲಿ ನಾನು ಮೊದಲು ಕಲಿತ ಹೆಸರುಗಳಲ್ಲಿ ಇಲಿಬಾಲ ಎನ್ನುವುದೂ ಒಂದು. ಹೊಲದ ಬದುವಿನಲ್ಲಿ ಒಂದು ಹುಲ್ಲು ಬೆಳೆಯುತ್ತಿತ್ತು. ಅದರ ತೆನೆ ಕವಲೊಡೆಯದೆ ನೆಟ್ಟಗೆ ನಿಂತು, ತುದಿಗೆ ಹೋಗುತ್ತ ಹೋಗುತ್ತ ಸಣ್ಣಗಾಗಿ, ಬಲಿತ ಮೇಲೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅದು ಇಲಿಬಾಲದ ಹುಲ್ಲು. ಎಳೆಯದಿದ್ದಾಗ ದನ ತಿನ್ನುತ್ತವೆ, ತೆನೆ ಬಂದ ಮೇಲೆ ಮೂತಿ ತಿರುಗಿಸುತ್ತವೆ. ಕೆರೆ ಏರಿಯ ಕೆಳಗೆ ತೇವ ಇರುವ ಕಡೆ ಒಂದು ಗಿಡ ಇತ್ತು. ಉದ್ದನೆಯ ಹಸಿರು ಕಡ್ಡಿಯಲ್ಲಿ ಬೆಳಿಗ್ಗೆ ಎಲ್ಲೋ ಒಂದೆರಡು ನೀಲಿ ಹೂ ಬಿಟ್ಟು, ಬಿಸಿಲು ಏರುವಷ್ಟರಲ್ಲಿ ಉದುರಿಸಿಬಿಡುತ್ತಿತ್ತು. ಅದು ಇಲಿಬಾಲದ ಗಿಡ. ಕೊಟ್ಟಿಗೆಯ ಗಂಜಲ ಹರಿದು ನಿಲ್ಲುವ ಗುಂಡಿಯಲ್ಲಿ ಒಂದು ಬಗೆಯ ಹುಳ ಇರುತ್ತಿತ್ತು. ಮೈ ಕೆಸರಿನಲ್ಲಿ ಮುಳುಗಿದ್ದರೂ ಮೈಗಿಂತ ಉದ್ದದ ಬಾಲವನ್ನು ನೀರಿನ ಮೇಲಕ್ಕೆ ಚಾಚಿಕೊಂಡಿರುತ್ತಿತ್ತು. ಅದು ಬಾಲವಲ್ಲ, ಉಸಿರಾಡುವ ಕೊಳವೆ ಎಂದು ನಾನು ಎಷ್ಟೋ ವರ್ಷಗಳ ಮೇಲೆ ತಿಳಿದುಕೊಂಡೆ. ಅಲ್ಲಿಯವರಿಗೆ ಅದು ಇಲಿಬಾಲದ ಹುಳ. ಒಂದು ದಿನ ನನ್ನ ತಲೆ ಬಾಚುತ್ತ ಅತ್ತೆ, ಪೇಟೆಯ ನೀರು ಕುಡಿದು ಕುಡಿದು ನನ್ನ ಜಡೆಯೂ ಇಲಿಬಾಲ ಆಗಿದೆ ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಆ ಹೆಸರಿನಲ್ಲಿ ಬೇರೇನೂ ಇರಲಿಲ್ಲ. ಕಂಡದ್ದಕ್ಕೆ ಕಂಡ ಹಾಗೆ ಹೆಸರಿಡುತ್ತಿದ್ದರು.

ಆಮೇಲೆ ನಮ್ಮ ಮನೆಯ ಹಸುವಿಗೂ ಆ ಹೆಸರು ಬಂತು. ನಾನು ಬರೆಯಲು ಕುಳಿತಿರುವುದು ಅದನ್ನು. ನಾನು ಕಂಡದ್ದು, ನನ್ನ ಕಿವಿಗೆ ಬಿದ್ದದ್ದು, ಇಷ್ಟನ್ನೇ ಬರೆಯುತ್ತೇನೆ.

ಮನೆಯಲ್ಲಿ ಇದ್ದವರು ಅತ್ತೆ, ಭಾವ, ಅಕ್ಕ, ನನ್ನ ಗಂಡ, ನಾನು. ಮಾವ ನಾನು ಹೋಗುವ ಮೊದಲೇ ತೀರಿಕೊಂಡಿದ್ದರು. ಭಾವ ಹೊಲ ನೋಡಿಕೊಳ್ಳುತ್ತಿದ್ದರು. ಅರಿಶಿನ, ಜೋಳ, ಸ್ವಲ್ಪ ರಾಗಿ. ನನ್ನ ಗಂಡ ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಒಂದು ಹಸು. ಹಸುವಿನ ಹೆಸರು ಕೆಂದಿ. ಮೈ ಕೆಂಪು, ಕಿವಿಯ ಒಳಗೆ ಮಾತ್ರ ಬಿಳಿ.

ಕೆಂದಿ ಅಕ್ಕನ ತವರಿನದು. ಅಕ್ಕನ ತವರು ಗುಂಡ್ಲುಪೇಟೆಯ ಆಚೆಯ ಮದ್ದೂರಿನ ಕಡೆ, ಕಾಡಿನ ಅಂಚಿನ ಒಂದು ಊರು. ಕೇರಳಕ್ಕೆ ಹೋಗುವ ರಸ್ತೆ ಅವರ ಮನೆಯ ಮುಂದೆಯೇ ಹಾದುಹೋಗುತ್ತದೆ. ಮದುವೆಯಲ್ಲಿ ಅವಳ ತಾಯಿ ಒಂದು ಕಡಸನ್ನು ಬಳುವಳಿಯಾಗಿ ಕೊಟ್ಟಿದ್ದರು. ಹೆಣ್ಣುಮಗಳು ಗಂಡನ ಮನೆಯಲ್ಲಿ ಹಾಲಿಗೆ ಕೈ ಚಾಚಬಾರದು ಎಂದು ಆ ಕಡೆ ಕೊಡುತ್ತಾರೆ. ಮರುವರ್ಷವೇ ತಾಯಿ ತೀರಿಕೊಂಡರು. ತವರಿನಲ್ಲಿ ಉಳಿದವನು ಒಬ್ಬ ಅಣ್ಣ, ಅವನ ಸಂಸಾರ. ಅಕ್ಕ ಅಲ್ಲಿಗೆ ಹೋಗುವುದು ಕಡಿಮೆಯಾಯಿತು.

ಅವಳು ತಾಯಿಯ ವಿಷಯ ನಮ್ಮ ಮುಂದೆ ಮಾತಾಡುತ್ತಿರಲಿಲ್ಲ. ಸಂಜೆ ಹಾಲು ಕರೆದಾದ ಮೇಲೆ ಕೊಟ್ಟಿಗೆಯಲ್ಲೇ ಕುಕ್ಕರಗಾಲಲ್ಲಿ ಕೂತು ಕೆಂದಿಯ ಕಿವಿಯೊಳಗಿನ ಉಣ್ಣೆ ಆರಿಸುತ್ತಿದ್ದಳು. ಹಸು ಕತ್ತನ್ನು ಅವಳ ತೊಡೆಯ ಮೇಲೆ ಇಟ್ಟುಬಿಡುತ್ತಿತ್ತು. ಅಷ್ಟು ಭಾರ ಹೇಗೆ ತಡೆಯುತ್ತೀಯ ಎಂದು ನಾನು ಒಮ್ಮೆ ಕೇಳಿದೆ. ಅವಳು ಉಣ್ಣೆ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಮ್ಮವ್ವ ಮುಟ್ಟಿ ಬೆಳ್ಸಿದ್ದ್ರಲ್ಲಿ ಈ ಮನೇಲಿರದು ಎಲ್ಡೇ ಕಣಮ್ಮಿ," ಎಂದಳು. "ಇದೊಂದು, ನಾನೊಂದು."

ಅತ್ತೆಗೂ ಆ ಹಸುವಿನ ಮೇಲೆ ಪ್ರೀತಿ ಇತ್ತು. ಇದನ್ನು ಹೇಳಬೇಕು, ಏಕೆಂದರೆ ಮುಂದೆ ನಡೆದದ್ದನ್ನು ಓದಿದವರಿಗೆ ಹಾಗೆ ಅನ್ನಿಸದೆ ಹೋಗಬಹುದು. ಬೆಳಿಗ್ಗೆ ಮಿಂದು ಬಂದವರೇ ಕೆಂದಿಯ ಹಿಂಬದಿಗೆ ಅರಿಶಿನ ಕುಂಕುಮ ಇಟ್ಟು, ಬಾಲದ ತುದಿಯ ಕುಚ್ಚನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅದಾದ ಮೇಲೆಯೇ ಒಲೆ ಹಚ್ಚುವುದು. ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಹೆರಿಗೆಯಾದ ಮೇಲೆ ತಾಯಿಯನ್ನೂ ಮಗುವನ್ನೂ ಹೊಸಲು ದಾಟಿಸುವ ಮೊದಲು ಕೊಟ್ಟಿಗೆಯ ಮುಂದೆ ನಿಲ್ಲಿಸಿ, ಹಸುವಿನ ಬಾಲದ ಕುಚ್ಚಿನಿಂದ ಮಗುವಿನ ತಲೆಯಿಂದ ಕಾಲಿನವರೆಗೆ ಸವರುತ್ತಿದ್ದರು. ದೃಷ್ಟಿ, ಸೋಂಕು ಏನಿದ್ದರೂ ಅಲ್ಲೇ ಉಳಿಯುತ್ತದೆ, ಒಳಗೆ ಬರುವುದಿಲ್ಲ ಎಂದು. ಭಾವನಿಗೂ ನನ್ನ ಗಂಡನಿಗೂ ಹಾಗೆ ಸವರಿಯೇ ಒಳಗೆ ತಂದಿದ್ದರಂತೆ. ಅತ್ತೆ ಅದನ್ನು ಹೇಳುವಾಗ ಗಾಳಿಯಲ್ಲೇ ಕೈ ಆಡಿಸಿ ತೋರಿಸುತ್ತಿದ್ದರು.

ಅಕ್ಕನಿಗೆ ಮಾತ್ರ ಆ ಯೋಗ ಬಂದಿರಲಿಲ್ಲ. ಮೊದಲ ಸಲ ಮೂರು ತಿಂಗಳಿಗೆ ಹೋಯಿತು. ಎರಡನೆಯದು ತಿಂಗಳು ತುಂಬಿ ಹುಟ್ಟಿದ ಗಂಡುಮಗು, ಅಳಲಿಲ್ಲ. ಅದು ನಾನು ಆ ಮನೆಗೆ ಬರುವ ಮುಂಚೆ.

ಹಿತ್ತಲ ಬೇಲಿಯ ಉದ್ದಕ್ಕೂ ಸುಬಾಬುಲ್ ಗಿಡಗಳಿದ್ದವು. ಆ ಕಡೆಯ ಊರುಗಳಿಗೆಲ್ಲ ಸಸಿ ಹಂಚಿದ್ದ ಕಾಲ ಅದು. ಭಾವ ಒಂದು ಹೊರೆ ತಂದು ನೆಟ್ಟಿದ್ದರು. ಹಾಗೆ ಬೆಳೆಯುವ ಗಿಡವನ್ನು ನಾನು ಬೇರೆ ನೋಡಿಲ್ಲ. ಕಡಿದಷ್ಟೂ ಚಿಗುರುತ್ತಿತ್ತು. ಬೇಸಿಗೆಯಲ್ಲಿ ಬದುವಿನ ಹುಲ್ಲೆಲ್ಲ ಸುಟ್ಟುಹೋದಾಗ ಹಸಿರು ಅಂತ ಕಣ್ಣಿಗೆ ಕಾಣುತ್ತಿದ್ದದ್ದು ಆ ಬೇಲಿ ಒಂದೇ. ಅದರ ಸೊಪ್ಪು ತಿಂದರೆ ಹಾಲು ಏರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಏರುತ್ತಲೂ ಇತ್ತು. ಆ ವರ್ಷ ಮೇವು ಬೇಗ ಮುಗಿಯಿತು. ಇದ್ದ ಒಣಹುಲ್ಲನ್ನು ಉಳುಮೆಯ ಎತ್ತುಗಳಿಗೆ ಎತ್ತಿಟ್ಟರು. ಕೆಂದಿಗೆ ಅಕ್ಕ ದಿನಕ್ಕೆ ಎರಡು ಹೊತ್ತು ಸುಬಾಬುಲ್ ಸೊಪ್ಪು ಕೊಯ್ದು ಹಾಕತೊಡಗಿದಳು. ಬಲಿತ ಎಲೆ ಬಿಟ್ಟು, ಕೊಂಬೆ ಬಗ್ಗಿಸಿ, ತುದಿಯ ಚಿಗುರನ್ನೇ ಆರಿಸಿ ತರುತ್ತಿದ್ದಳು. ನಾನು ಕೊಯ್ಯಲು ಹೋದರೆ, ನಿನಗೆ ಎಳೆಯದು ಬಲಿತದ್ದು ತಿಳಿಯುವುದಿಲ್ಲ ಬಿಡು ಎಂದು ಕುಡುಗೋಲು ಕಿತ್ತುಕೊಳ್ಳುತ್ತಿದ್ದಳು.

ಕೂದಲು ಮೊದಲು ಕಂಡದ್ದು ಕೊಟ್ಟಿಗೆಯ ಪೊರಕೆಯಲ್ಲಿ. ಕಪ್ಪನೆಯ ಉದ್ದ ಕೂದಲು, ನಮ್ಮ ತಲೆಯದೇ ಇರಬೇಕು ಎಂದುಕೊಂಡೆವು. ಮತ್ತೆರಡು ದಿನಕ್ಕೆ ಅತ್ತೆ ಕಣ್ಣಿಗೆ ಒತ್ತಿಕೊಂಡ ಕುಚ್ಚಿನಿಂದ ಒಂದು ಎಳೆ ಅವರ ಕೈಗೇ ಬಂತು. ಕಾಗೆ ಕಿತ್ತಿರಬೇಕು ಎಂದರು ಭಾವ. ಅಕ್ಕ ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಿದಳು. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ತೊಳೆದಳು. ತೊಳೆದಷ್ಟೂ ಉದುರಿತು. ಗಾಯ ಇರಲಿಲ್ಲ, ಹುಣ್ಣು ಇರಲಿಲ್ಲ, ಹಸು ತಿನ್ನುತ್ತಿತ್ತು, ಹಾಲು ಕೊಡುತ್ತಿತ್ತು. ಬೇಸಿಗೆ ನಡುವಿಗೆ ಬರುವಷ್ಟರಲ್ಲಿ ಬಾಲದಲ್ಲಿ ಒಂದು ಕೂದಲೂ ಉಳಿಯಲಿಲ್ಲ. ಬರೀ ಚರ್ಮ ಸುತ್ತಿದ ಒಂದು ಹಗ್ಗ. ಬುಡದಲ್ಲಿ ದಪ್ಪ, ತುದಿಯಲ್ಲಿ ಕಿರುಬೆರಳಿನ ಹಾಗೆ.

ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಮುದುಕರು ಬೇಲಿಯ ಮೇಲಿಂದ ಇಣುಕಿ ನೋಡಿ, "ಏನ್ಲಾ ಇದು, ನಿಮ್ಮಸ ಇಲಿಬಾಲ ಆಗೋಗದಲ್ಲಾ," ಎಂದು ಭಾವನಿಗೆ ಹೇಳಿದರು. ಅವರು ಅದನ್ನು ತಮಾಷೆಗೇ ಅಂದದ್ದು. ಆದರೆ ಅಂದಿನಿಂದ ಕೆಂದಿ ಎನ್ನುವ ಹೆಸರು ನಮ್ಮ ಮನೆಯ ಗೋಡೆ ದಾಟಲಿಲ್ಲ. ಹಾಲು ತೆಗೆದುಕೊಳ್ಳಲು ಬರುತ್ತಿದ್ದ ಹೆಂಗಸರು ಇಲಿಬಾಲದ ಹಾಲಾ ಎಂದು ಕೇಳತೊಡಗಿದರು. ಒಬ್ಬಿಬ್ಬರು ಬರುವುದನ್ನೇ ಬಿಟ್ಟರು.

ನನಗೆ ಈಗಲೂ ಕಣ್ಣ ಮುಂದೆ ಇರುವುದು ನೊಣ. ಹಸುವಿನ ಬೆನ್ನ ಮೇಲೆ ನೊಣ ಕೂರುತ್ತಿದ್ದವು. ಅದು ಅಭ್ಯಾಸದ ಬಲದಿಂದ ಬಾಲ ಬೀಸುತ್ತಿತ್ತು. ಮೊದಲಾದರೆ ಕುಚ್ಚು ಬೆನ್ನ ಮೇಲೆ ಹರಡಿ ನೊಣವೆಲ್ಲ ಏಳುತ್ತಿದ್ದವು. ಈಗ ಬರೀ ಕೋಲು ಬಡಿದ ಹಾಗೆ ಒಂದು ಸದ್ದು, ನೊಣ ಅಲ್ಲೇ. ಮತ್ತೆ ಬೀಸುತ್ತಿತ್ತು, ಮತ್ತೆ ಅದೇ. ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಅಕ್ಕ ಬೇವಿನ ಕೊಂಬೆ ಹಿಡಿದು ಕೊಟ್ಟಿಗೆಯಲ್ಲಿ ನಿಂತು ಬೀಸುತ್ತಿದ್ದಳು.

ಆಗಲೇ ಅವಳು ಮತ್ತೆ ಬಸುರಿ. ನನಗೆ ಗೊತ್ತಾದದ್ದು ಕೊಟ್ಟಿಗೆಯ ಕಂಬ ಹಿಡಿದು ಅವಳು ವಾಂತಿ ಮಾಡಿಕೊಂಡ ದಿನ. ಅತ್ತೆಗೆ ಅದಕ್ಕೂ ಮೊದಲೇ ಗೊತ್ತಿತ್ತು. ಅವತ್ತಿನಿಂದ ಅವರು ಬೆಳಿಗ್ಗೆ ಹಸುವಿನ ಹಿಂದೆ ನಿಲ್ಲುವುದನ್ನು ಬಿಟ್ಟರು. ಅರಿಶಿನ ಕುಂಕುಮವನ್ನು ಕೊಟ್ಟಿಗೆಯ ಕಂಬಕ್ಕೆ ಇಟ್ಟು ಬಂದುಬಿಡುತ್ತಿದ್ದರು.

ಹಿರಿಯರು ಹೇಳುತ್ತಿದ್ದರಂತೆ, ಬಾಲ ಬೋಳಾದ ಹಸು ಇರುವ ಮನೆಯ ಸಂತಾನ ಬಾಲದ ಹಾಗೇ ತುದಿಗೆ ಸಣ್ಣದಾಗುತ್ತ ಮುಗಿಯುತ್ತದೆ ಎಂದು. ಎತ್ತುಗಳ ಬಾಲ ಚೆನ್ನಾಗಿಯೇ ಇದ್ದವಲ್ಲ, ಒಂದೇ ಕೊಟ್ಟಿಗೆ, ಒಂದೇ ನೀರು. ರೋಗವಾಗಿದ್ದರೆ ಅವಕ್ಕೂ ಬರಬೇಕಿತ್ತು, ಆದ್ದರಿಂದ ಇದು ಹಸುವಿನ ಮೈಯಲ್ಲೇ ಇರುವ ಅಪಶಕುನ ಎಂದು ಅತ್ತೆ ಲೆಕ್ಕ ಹಾಕಿದರು. ಎತ್ತುಗಳು ಆ ಸೊಪ್ಪು ತಿನ್ನುತ್ತಿರಲಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ಮೇವು ಎಂದು ನಾವು ತಿಳಿದದ್ದನ್ನು ಯಾಕೆ ಅನುಮಾನಿಸುತ್ತೇವೆ?

ಒಂದು ಬೆಳಿಗ್ಗೆ ಅತ್ತೆ ಅಕ್ಕನನ್ನು ಪಡಸಾಲೆಗೆ ಕರೆದರು. ನಾನು ಅಲ್ಲೇ ಹುಣಸೆಹಣ್ಣು ಬಿಡಿಸುತ್ತಿದ್ದೆ.

"ಉಟ್ಟೋ ಕೂಸ್ನ ಆ ಬೋಳು ಬಾಲ್ದಲ್ಲಿ ಎಂಗ್ ಸವರದು?" ಎಂದರು. "ಇನ್ನೊಂದ್ ಸಲ ಆ ಸಂಕಟ ನೋಡಕೆ ನನ್ ಕೈಲಾಗದಿಲ್ಲ ಕಣವ್ವ. ನನ್ನ ಬೇಕಾದ್ರ ಬಯ್ಯಿ. ಅದ ಕಳಿಸ್ಬುಡು."

"ಅದು ನಮ್ಮವ್ವ ಕೊಟ್ಟದ್ದು ಅತ್ತೆ."

"ಗೊತ್ತು. ನಿಮ್ಮವ್ವ ಇದ್ದಿದ್ರೂ ಇವತ್ತು ಇದ್ನೇ ಏಳೋಳು."

ಅತ್ತೆಯ ಆ ಮಾತು ಸುಳ್ಳೂ ಆಗಿರಲಿಲ್ಲ. ಎರಡು ಸಲ ಮಗಳು ಬರಿಗೈಯಲ್ಲಿ ಎದ್ದದ್ದನ್ನು ಆ ತಾಯಿ ಕಂಡಿದ್ದರೆ ಅವರೂ ಹೆದರುತ್ತಿದ್ದರೋ ಏನೋ. ಕೊನೆಗೆ ಅಕ್ಕ ಒಂದೇ ಷರತ್ತು ಹಾಕಿದಳು. ಅದನ್ನು ಅತ್ತೆಗಲ್ಲ, ಸಂಜೆ ಹೊಲದಿಂದ ಬಂದ ಭಾವನಿಗೆ ಹೇಳಿದಳು. "ಸಾಕ್ಕಳೋರ್ಗೆ ಕೊಡಿ. ಕೇರಳದ್ ಲಾರಿಗ್ ಬುಡ್ಬೇಡಿ." ಭಾವ ಅವಳ ಕೈಮೇಲೆ ಕೈಯಿಟ್ಟು ಒಪ್ಪಿದರು.

ತೆರಕಣಾಂಬಿಯ ಸಂತೆಗೆ ಹೊಡೆದುಕೊಂಡು ಹೋದರು. ಹೊರಡುವ ಮೊದಲು ಅಕ್ಕ ಕೆಂದಿಗೆ ರಾಗಿ ಮುದ್ದೆಯೊಳಗೆ ಬೆಲ್ಲ ಇಟ್ಟು ತಿನ್ನಿಸಿದಳು. ಕೊಂಬಿಗೆ ಎಣ್ಣೆ ಸವರಿದಳು. ಬಾಲವನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತಳು. ಬೀದಿ ತಿರುಗುವವರೆಗೆ ನೋಡಲಿಲ್ಲ, ಒಳಗೆ ಬಂದು ಪಾತ್ರೆ ಬೆಳಗಲು ಕೂತಳು. ಹಸುವನ್ನು ಮಾರಿದರೂ ಹಗ್ಗ ಮಾರುವುದಿಲ್ಲ, ಮನೆಯ ಲಕ್ಷ್ಮಿ ಹಗ್ಗದ ಜೊತೆ ಹೋಗಬಾರದು ಎಂದು ವಾಪಸು ತರುತ್ತಾರೆ. ಸಂಜೆ ಭಾವ ಅದೇ ಹಗ್ಗದಲ್ಲಿ ಒಂದು ಕರಿಯ ಹಸುವನ್ನು ಕಟ್ಟಿ ತಂದರು. ಗುಂಡ್ಲುಪೇಟೆಯ ಒಬ್ಬ ದಲ್ಲಾಳಿ ಕೆಂದಿಯನ್ನು ಹಿಡಿದುಕೊಂಡು ಇದನ್ನು ಕೊಡಿಸಿದ್ದ. ಬೇಗೂರಿನ ಕಡೆಯವರು ಸಾಕಲಿಕ್ಕೇ ಹಸು ಹುಡುಕುತ್ತಿದ್ದಾರೆ, ಅವರಿಗೇ ಕೊಡಿಸುತ್ತೇನೆ ಎಂದು ಮಾತು ಕೊಟ್ಟನಂತೆ. ಕರಿಯ ಹಸುವಿನ ಬಾಲದ ಕುಚ್ಚು ನೆಲ ಮುಟ್ಟುತ್ತಿತ್ತು. ಅತ್ತೆ ಅದನ್ನು ಹಿಡಿದು ಕಣ್ಣಿಗೊತ್ತಿಕೊಂಡು ಅತ್ತರು.

ಮಳೆಗಾಲ ಮುಗಿಯುವ ಹೊತ್ತಿಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಅತ್ತಿತು. ಅತ್ತೆ ಆಸ್ಪತ್ರೆಯ ಜಗಲಿಯಲ್ಲಿ ಕೂತು ಆ ಅಳು ನಿಲ್ಲಿಸಬೇಡಿ, ಇನ್ನೊಂದು ಸ್ವಲ್ಪ ಅಳಲಿ ಎಂದು ಬೇಡಿಕೊಂಡದ್ದು ನನಗೆ ನೆನಪಿದೆ. ಮನೆಗೆ ತಂದ ದಿನ ಕೊಟ್ಟಿಗೆಯ ಮುಂದೆ ನಿಲ್ಲಿಸಿ ಕರಿಯ ಹಸುವಿನ ಬಾಲದಿಂದ ಸವರಿದರು. ಮಗು ಸೀನಿತು. ಎಲ್ಲರೂ ನಕ್ಕೆವು, ಅಕ್ಕನೂ ನಕ್ಕಳು. ನೋಡಿದಿರಾ, ನಾನು ಹೇಳಲಿಲ್ಲವಾ ಎಂದು ಅತ್ತೆ ಅನ್ನಲಿಲ್ಲ. ಅನ್ನುವ ಹೆಂಗಸಲ್ಲ. ಆದರೆ ಮಗು ಬೆಳೆಯುತ್ತ ಹೋದ ಹಾಗೆ ನಮ್ಮೆಲ್ಲರ ಒಳಗೂ ಆ ಮಾತು ಬೇರು ಬಿಟ್ಟಿತು. ಕೆಂದಿ ಹೋದದ್ದರಿಂದ ಇದು ಉಳಿಯಿತು. ಅಕ್ಕನೂ ಹಾಗೆಂದೇ ನಂಬಿದ್ದಳು. ನಂಬಿದ್ದರಿಂದಲೇ ಅವಳಿಗೆ ತಡೆದುಕೊಳ್ಳಲು ಸಾಧ್ಯವಾಗಿತ್ತು ಎಂದು ಈಗ ಅನ್ನಿಸುತ್ತದೆ. ಹಾಲೂಡುತ್ತ ಮಗುವಿಗೆ ಕೆಂದಿಯ ಕಥೆ ಹೇಳುತ್ತಿದ್ದಳು. ನಿನಗೋಸ್ಕರ ಹೋಯಿತು, ನಿನ್ನ ಕಷ್ಟವನ್ನೆಲ್ಲ ಬಾಲದಲ್ಲಿ ಕಟ್ಟಿಕೊಂಡು ಹೋಯಿತು ಎನ್ನುತ್ತಿದ್ದಳು.

ಮತ್ತೆ ಬೇಸಿಗೆ ಬಂತು. ಮತ್ತೆ ಮೇವಿಗೆ ತತ್ವಾರ. ಅಕ್ಕನ ಕೈಯಲ್ಲಿ ಕೂಸು, ಹಾಗಾಗಿ ಸೊಪ್ಪು ಕೊಯ್ಯುವ ಕೆಲಸ ಅತ್ತೆಗೂ ನನಗೂ ಬಂತು. ಎಳೆಯ ಚಿಗುರು ಯಾವುದು, ಬಲಿತದ್ದು ಯಾವುದು ಎಂದು ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿಕೊಟ್ಟಳು. ಕರಿಯ ಹಸುವಿನ ಬಾಲದ ಕೂದಲು ಉದುರತೊಡಗಿತು.

ಅತ್ತೆ ಅದನ್ನು ಯಾರಿಗೂ ಹೇಳಲಿಲ್ಲ. ಉದುರಿದ ಕೂದಲನ್ನು ನಮಗಿಂತ ಮೊದಲು ಎದ್ದು ಗುಡಿಸಿ ತಿಪ್ಪೆಗೆ ಹಾಕುತ್ತಿದ್ದರು. ನಾನು ನೋಡಿದಾಗ ತುಟಿಯ ಮೇಲೆ ಬೆರಳಿಟ್ಟು ಮಗು ಮಲಗಿದ್ದ ತೊಟ್ಟಿಲ ಕಡೆ ಕಣ್ಣು ಮಾಡಿದರು. ಹಸುವಲ್ಲ, ಮನೆಯಲ್ಲೇ ಏನೋ ಇದೆ ಎನ್ನುವ ಹೆದರಿಕೆ ಅವರಿಗೆ. ಅವರು ಊಟ ಕಡಿಮೆ ಮಾಡಿದರು. ಮಗು ಸ್ವಲ್ಪ ಕೆಮ್ಮಿದರೂ ಓಡಿಬರುತ್ತಿದ್ದರು. ಆದರೆ ಹಸುವಿನ ಬಾಲವನ್ನು ಎಷ್ಟು ದಿನ ಬಚ್ಚಿಡಲಾಗುತ್ತದೆ? ಅಕ್ಕನೂ ನೋಡಿದಳು. ಅವಳೂ ಏನೂ ಹೇಳಲಿಲ್ಲ. ಮೂರು ಜನ ಹೆಂಗಸರು ಒಂದೇ ಮನೆಯಲ್ಲಿ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಓಡಾಡಿದೆವು.

ಕಾಲುಬಾಯಿ ಜ್ವರದ ಸೂಜಿ ಹಾಕಲು ದನದ ಡಾಕ್ಟರು ಊರಿಗೆ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಆ ಕಡೆಗೆ ಹೊಸಬರು. ನಮ್ಮ ಎತ್ತುಗಳಿಗೆ ಸೂಜಿ ಹಾಕಿ ಹಸುವಿನ ಹತ್ತಿರ ಬಂದವರು ಬಾಲವನ್ನು ಎತ್ತಿ ನೋಡಿದರು. ಡಾಕ್ಟರು ಮೇವಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ಭಾವ ಹೆಮ್ಮೆಯಿಂದ ಬೇಲಿ ತೋರಿಸಿದರು.

"ಬರೀ ಅದೇನಾ? ಎರಡು ಹೊತ್ತೂ?" ಎಂದು ಡಾಕ್ಟರು ನಕ್ಕರು. "ಮತ್ತೆ ಉದುರದೆ ಏನಾಗುತ್ತೆ? ಸುಬಾಬುಲ್ ಜಾಸ್ತಿಯಾದರೆ ಬಾಲದ ಕೂದಲು ಹೋಗುತ್ತೆ. ಒಣಹುಲ್ಲಿನ ಜೊತೆ ಒಂದು ಹಿಡಿ ಹಾಕಿ, ಸಾಕು. ಈಗ ನಿಲ್ಲಿಸಿಬಿಡಿ, ಮಳೆಗಾಲಕ್ಕೆಲ್ಲ ಬರುತ್ತೆ."

ಅವರು ಅದನ್ನು ಹೇಳಿದ್ದು ಸೂಜಿ ಒರೆಸುತ್ತ, ತಲೆ ಎತ್ತದೆ. ಹೇಳಿ ಬೀದಿಯ ಕೊನೆಯ ಮನೆಯ ಕಡೆ ಹೊರಟರು. ಅಕ್ಕ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಂಗಳ ದಾಟಿ ಅವರ ಹಿಂದೆ ಹೋದಳು.

"ಬತ್ತದ ಅಂದ್ರಲ್ಲ ಸಾರ್, ಮೊದ್ಲಂಗೇ ಬತ್ತದಾ? ಕುಚ್ಚೆಲ್ಲ?"

"ಬರುತ್ತಮ್ಮ. ಯಾಕೆ ಬರಲ್ಲ?"

ಅವಳು ಅಲ್ಲೇ ನಿಂತಳು. ಡಾಕ್ಟರ ಸ್ಕೂಟರು ಬೀದಿಯ ಕೊನೆಗೆ ಹೋಗಿ ನಿಂತ ಸದ್ದು ಕೇಳಿಸಿತು. ನಾನು ಹೋಗಿ ಮಗುವನ್ನು ಇಸಿದುಕೊಂಡೆ. ಅವಳ ತೋಳು ಮಗು ಹಿಡಿದ ಆಕಾರದಲ್ಲೇ ಬಾಗಿ ಉಳಿದಿತ್ತು. ಅವಳು ತನ್ನ ಕೈಯನ್ನು ಮುಂದೆ ಚಾಚಿ, ಕುಡುಗೋಲು ಹಿಡಿದು ಗಟ್ಟಿಯಾಗಿದ್ದ ಅಂಗೈಯನ್ನು ನೋಡಿದಳು. ಚಿಗುರನ್ನೇ ಆರಿಸಿ ಆರಿಸಿ ಹಾಕಿದ್ದು ಅದೇ ಕೈ.

ಭಾವ ಆ ದಿನವೇ ಬೇಲಿ ಕಡಿದರು. ಯಾರೂ ಕಡಿ ಎಂದಿರಲಿಲ್ಲ. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತವರು ಏಳಲಿಲ್ಲ. ಊಟಕ್ಕೆ ಕರೆದರೆ ಬೇಡ ಎಂದರು. ಮಾರನೆಯ ದಿನವೂ ಬೇಡ ಎಂದರು, ಮಜ್ಜಿಗೆ ಮಾತ್ರ ಕುಡಿದರು. ಅಕ್ಕನ ಮುಖ ನೋಡುತ್ತಿರಲಿಲ್ಲ. ಅಕ್ಕ ಅವರನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅತ್ತೆಗೆ ಹಗುರಾಗುತ್ತಿತ್ತೇನೋ.

ಅಕ್ಕನಿಗೆ ಒಂದು ಆಸೆ ಉಳಿದಿತ್ತು. ಬೇಗೂರಿನ ಮನೆಯವರನ್ನು ಹುಡುಕಿ, ಕರಿಯ ಹಸುವನ್ನು ಅವರಿಗೆ ಕೊಟ್ಟು ಕೆಂದಿಯನ್ನು ತರುವುದು. ಅದಕ್ಕೆ ದಲ್ಲಾಳಿಯನ್ನು ಕಾಣಬೇಕು. ಅವನ ಮನೆ ನನ್ನ ತವರಿನ ಪಕ್ಕದ ಬೀದಿಯಲ್ಲೇ ಇತ್ತು. ಮಗುವನ್ನು ನನ್ನ ಅಮ್ಮನಿಗೆ ತೋರಿಸಿಕೊಂಡು ಬರುತ್ತೇವೆ ಎಂದು ಇಬ್ಬರೂ ಗುಂಡ್ಲುಪೇಟೆಯ ಬಸ್ಸು ಹತ್ತಿದೆವು. ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ ಎಂದು ಅತ್ತೆಗೆ ತಿಳಿದಿತ್ತು. ಬಸ್ಸು ಬರುವವರೆಗೆ ಬಂದು ರಸ್ತೆಯ ಬದಿಯಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಅಕ್ಕ, ಈಗ ಬಾಲಕ್ಕೆ ಎಷ್ಟು ಕೂದಲು ಬಂದಿರಬಹುದು ಎಂದು ನನ್ನನ್ನು ಕೇಳಿದಳು. ಬೇಗೂರಿನವರಿಗೆ ಸುಬಾಬುಲ್ ಬೇಲಿ ಇಲ್ಲದಿದ್ದರೆ ಪೂರ್ತಿ ಬಂದಿರುತ್ತದೆ ಎಂದು ತಾನೇ ಹೇಳಿಕೊಂಡಳು.

ದಲ್ಲಾಳಿ ಮನೆಯಲ್ಲೇ ಇದ್ದ. ಐವತ್ತರ ಆಚೀಚಿನ, ಮಾತುಗಾರ ಮನುಷ್ಯ. ಹೆಂಡತಿಗೆ ಟೀ ಇಡಲು ಹೇಳಿ ಚಾಪೆ ಹಾಸಿದ. ಕೆಂಪು ಹಸು, ತೆರಕಣಾಂಬಿ ಸಂತೆ ಎಂದು ನಾನು ಗುರುತು ಹೇಳತೊಡಗಿದೆ.

"ಇಲಿಬಾಲುದ್ದಾ?" ಎಂದ. "ನೆಪ್ಪದ ಕಣವ್ವ. ಮರೆಯೋ ಅಂಥದ್ದಾ ಅದು? ನನ್ ತಲೆಗಿಂತ್ಲೂ ಬೋಳು ಅದ್ರ ಬಾಲ." ತನ್ನ ಬೋಳುತಲೆ ಸವರಿಕೊಂಡು ನಕ್ಕ. ನಾವು ನಗದೆ ಇದ್ದದ್ದನ್ನು ನೋಡಿ ನಿಲ್ಲಿಸಿದ.

ಬೇಗೂರಿನವರಿಗೆ ಕೊಟ್ಟಿರಲ್ಲ, ಅವರ ಮನೆ ಎಲ್ಲಿ ಎಂದು ಅಕ್ಕ ಕೇಳಿದಳು.

"ಕೊಡನ ಅಂತ್ಲೇ ಇದ್ದಿ. ಬಂದ್ರು ಅವ್ರು, ಹಲ್ ನೋಡುದ್ರು, ಕೆಚ್ಚಲ್ ನೋಡುದ್ರು, ಒಪ್ಪುದ್ರು. ಹಿಂದಕ್ ಬಂದು ಬಾಲ ನೋಡುದ್ರು, ಎದ್ದೋದ್ರು. ಇನ್ನೂ ಎಲ್ಡ್ ಮನೆಯೋರ್ಗೆ ತೋರ್ಸುದಿ. ಇಲಿಬಾಲ ಅನ್ನೋದು ಅಷ್ಟೊತ್ಗೆ ಸಂತೆಗೆಲ್ಲ ಗೊತ್ತಾಗೋಗಿತ್ತು. ಆ ಎಸರು ಬಿದ್ಮೇಲೆ ಮನೆಗ್ ಯಾರವ್ವ ಕಟ್ಕತರ?" ಅವನು ಕತ್ತು ತಗ್ಗಿಸಿದ. "ಸಂಜೆಗಂಟ ಇಟ್ಕಂಡಿದ್ದಿ. ಆಮೇಲೆ ಲಾರಿಗ್ ಅತ್ತಿಸ್ದಿ."

"ಯಾವ್ ಕಡೆ ಲಾರಿ?"

"ಇನ್ಯಾವ್ ಕಡೆ. ಮದ್ದೂರ್ ಮ್ಯಾಲೆ."

ಟೀ ಬಂತು. ಅಕ್ಕ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕುಡಿದಳು. ಅವನ ಹೆಂಡತಿ ಮಗುವಿನ ಹಣೆಗೆ ಕುಂಕುಮ ಇಟ್ಟು ಕೈಗೊಂದು ಬಾಳೆಹಣ್ಣು ಕೊಟ್ಟಳು. ಹೋಗಿ ಬರುತ್ತೇವೆ ಎಂದು ಹೇಳಿ ಎದ್ದೆವು. ನನ್ನ ತವರಿಗೆ ಹೋಗಿ ಊಟದ ಹೊತ್ತಿನವರೆಗೆ ಇದ್ದೆವು. ಅಕ್ಕ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಗುವಿಗೆ ಹಾಲೂಡಿದಳು, ಮಗು ಮಲಗಿದ ಮೇಲೂ ಹಾಗೇ ಕೂತಿದ್ದಳು.

ಹಿಂತಿರುಗುವ ಬಸ್ಸಿನಲ್ಲಿ, ತೆರಕಣಾಂಬಿ ದಾಟಿದ ಮೇಲೆ, ಅವಳು ಕಿಟಕಿಯಿಂದ ಮುಖ ತಿರುಗಿಸದೆ ಮಾತಾಡಿದಳು.

"ಆ ಲಾರಿ ನಮ್ಮವ್ವುನ್ ಮನೆ ಮುಂದ್ಲೇ ಓಗಿರ್ತದ ಕಣಮ್ಮಿ. ಅದ್ಕ ಗುರ್ತು ಸಿಕ್ಕಿರ್ತದಾ?"

ಲಾರಿಯ ಪಕ್ಕದ ಹಲಗೆಗಳು ಎತ್ತರ ಇರುತ್ತವೆ, ಒಳಗಿನ ದನಕ್ಕೆ ರಸ್ತೆ ಕಾಣುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಹಸುವಿಗೆ ಕಣ್ಣು ಒಂದೇ ಅಲ್ಲ, ಮೂಗೂ ಇದೆ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅತ್ತೆ ಬಸ್ಸು ನಿಲ್ಲುವ ಕಡೆಯೇ ಕಲ್ಲಿನ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಅಲ್ಲೇ ಇದ್ದರೋ, ಹೋಗಿ ಬಂದಿದ್ದರೋ ಗೊತ್ತಿಲ್ಲ. ನಮ್ಮನ್ನು ಕಂಡು ಎದ್ದು ನಿಂತರು. ಸೆರಗಿನ ತುದಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿದ್ದರು. ಇಳಿದ ಅಕ್ಕನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎನ್ನುವ ಹಾಗೆ ಒಮ್ಮೆ ಬಸ್ಸಿನ ಕಡೆ ನೋಡಿದರು.

ಅಕ್ಕ ಮಗುವನ್ನು ಅವರ ಕೈಗೆ ಕೊಟ್ಟಳು. ಕೊಡುವಾಗ ಅವರ ಮುಖವನ್ನು ನೋಡಿದಳು, ಆ ವಾರದಲ್ಲಿ ಮೊದಲ ಸಲ. ನಾನು ಹತ್ತಿರದಲ್ಲೇ ಇದ್ದೆ. ಎರಡು ಮೂರು ದಿನ ಊಟವಿಲ್ಲದೆ ಅತ್ತೆಯ ಕಣ್ಣ ಕೆಳಗೆ ಚರ್ಮ ಜೋತಿತ್ತು.

"ಬೇಗೂರೋರ್ ಮನೇಲೇ ಅದಂತೆ ಅತ್ತೆ," ಎಂದಳು ಅಕ್ಕ. "ಚೆಂದಾಗ್ ನೋಡ್ಕತಾವ್ರಂತೆ. ಈಗ ಗಬ್ಬ ಅಂತೆ. ಅದ್ಕೇ ಕೊಡಕ್ಕಾಗದಿಲ್ಲ ಅಂದ್ರಂತೆ."

ಅತ್ತೆ ಮಗುವಿನ ಬೆನ್ನು ಸವರುತ್ತ ನಿಂತರು. ಆಮೇಲೆ ಬಹಳ ಮೆಲ್ಲಗೆ, "ಕೂದ್ಲು?" ಎಂದರು.

"ಬಂದದಂತೆ."

ಅತ್ತೆ ಅದನ್ನು ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವರು ಹುಟ್ಟಿದ್ದು, ಬಾಳಿದ್ದು ಆ ಸಂತೆಗಳ ನಡುವೆಯೇ. ಸಂಜೆಯವರೆಗೆ ಮಾರಾಟವಾಗದ ಹಸು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ತಾವಾಗಿಯೇ ತಟ್ಟೆಯ ಮುಂದೆ ಕೂತರು. ಅಕ್ಕ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂತಳು. ಅತ್ತೆ ಮೊದಲ ತುತ್ತನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಹಾಗೆಯೇ ಇದ್ದರು. ಅಕ್ಕ ಎದ್ದುಹೋಗಲಿಲ್ಲ, ತಿನ್ನಿ ಎಂದೂ ಅನ್ನಲಿಲ್ಲ. ಅವರು ನುಂಗಿದ ಮೇಲೆ, ಇನ್ನೊಂದು ಸೌಟು ಸಾರು ಬಿಟ್ಟಳು.